ಉಪ್ಪಿನಳತೆ

ಮೊದಲು ಖರ್ಜೂರ, ಆಮೇಲೆ ಕಾಫಿ,
ಆಮೇಲೆ ಮೇಕೆಗಳ ಕ್ಷೇಮ, ಮಳೆಯ ಸುದ್ದಿ,
ಸೊಹಾರಿನ ರಸ್ತೆಯಲ್ಲಿ ಮಗುಚಿದ ಲಾರಿಯ ಸುದ್ದಿ.
ಬ್ಯಾಗಿನಲ್ಲಿ ನನ್ನ ಮೀಟರು ಕಾಯುತ್ತಿರುತ್ತದೆ,
ಹೆಣ್ಣು ನೋಡಲು ಬಂದವರ ಮಾತು ಕೇಳುತ್ತ
ಒಳಕೋಣೆಯಲ್ಲಿ ಕೂತ ಹುಡುಗಿಯ ಹಾಗೆ.

ಸಹಮ್ ದಾಟಿ, ಕಡಲಿಗೆ ಮೂರೇ ಕಿಲೋಮೀಟರು,
ಖಲ್ಫಾನ್ ಬಿನ್ ಮುರ್ಶಿದನ ತೋಟ.
ಬಾವಿಯ ನೀರಿಗೆ ಮೀಟರು ಅದ್ದಿ
"ಆರೂವರೆ" ಅಂದೆ. "ಕಡಲು ಒಳಗೆ ಬರ್ತಿದೆ.
ನೀವು ಎತ್ತಿದಷ್ಟೂ ಅದು ಬರುತ್ತೆ. ಕಡಿಮೆ ಹಾಯಿಸಿ."
ಅವನು ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿ
ಮುಕ್ಕಳಿಸಿ, ನುಂಗಿ, ಮೇಲೆ ನೋಡಿ ಅಂದ:
"ಸಿಹಿ."
ಆ ನಾಲಿಗೆಗೆ ಎಪ್ಪತ್ತೆರಡು ವರ್ಷ.
ನನ್ನ ಮೀಟರಿಗೆ ವಾರಂಟಿ ಎರಡು.

ಕುಷ್ಟಗಿಯಲ್ಲಿ ಡ್ರಿಪ್ ಪೈಪು ಮಾರಿ ಕಲಿತ ಮಾತನ್ನೆಲ್ಲ
ಮುರುಕು ಅರಬ್ಬಿಗೆ ತಿರುಗಿಸಿ ಮೂರು ಚಳಿಗಾಲ ಹೋದೆ.
ಕರಪತ್ರ ಕೊಟ್ಟೆ;
ಅದರ ಮೇಲೆ ಹುರಿದ ಮೀನು ಹರವಿ ತಿಂದರು, ನನಗೂ ಕೊಟ್ಟರು.
ರಸ್ತೆ ಬದಿ ಪ್ರಾತ್ಯಕ್ಷಿಕೆ ತಾಕು ಮಾಡಿದೆವು, ಎಂಟಡಿ ಬೋರ್ಡು;
ಮೇಕೆಗಳು ಬಂದು ಬೆನ್ನು ತುರಿಸಿಕೊಂಡವು.
ಗೊನೆ ತೂಗಿದಾಗ ನೋಡಿದವರು ಅಂದರು:
"ಸರ್ಕಾರದ ಮರ, ಸರ್ಕಾರದ ಹಣ್ಣು.
ಸರ್ಕಾರಕ್ಕೇನು, ಕಲ್ಲಿಗೂ ಹಣ್ಣು ಬಿಡಿಸುತ್ತೆ."
ನನ್ನ ಫಾರಮ್ಮಿನಲ್ಲಿ ಮೂರು ಕಲಂ:
ಒಪ್ಪಿದರು, ಒಪ್ಪಲಿಲ್ಲ, ಯೋಚಿಸುತ್ತಿದ್ದಾರೆ.
ಇಡೀ ಊರು ಯೋಚಿಸುತ್ತಿತ್ತು.

ನಾಲ್ಕನೆಯ ಚಳಿಗಾಲ
ತಾಕಿನಿಂದ ಎರಡು ಬಬ್ಲರು, ಹತ್ತು ಮೀಟರು ಪೈಪು ಮಾಯ.
ಕಳವಿನ ವರದಿ ಬರೆಯಲು ಕೂತವನು ಪೆನ್ನಿನ ಬಾಯಿ ಮುಚ್ಚಿದೆ.
ಬದನೆ ಸಸಿ ಯಾರಾದರೂ ಬಂದು ಕೇಳಿದರೆ
ನಮ್ಮಜ್ಜಿ ಕೈಯೆತ್ತಿ ಕೊಟ್ಟವಳಲ್ಲ:
"ನಾ ಒಳಗ ಹೊಕ್ಕೀನಿ, ನೀ ಕಿತ್ಕೊಂಡು ಹೋಗು.
ಕೊಟ್ಟದ್ದು ಕೊಳೀತದ, ಕದ್ದದ್ದು ಕುಡಿ ಒಡೀತದ."

ಕದ್ದವನು ಮೊತಾಲೇಬ್, ಖಲ್ಫಾನನ ಆಳು.
ಬರಿಸಾಲ್ ಕಡೆಯವನು, ದೋಣಿಯಲ್ಲಿ ಶಾಲೆಗೆ ಹೋದವನು.
ಒಡೆಯನ ಕಣ್ಣು ಬೀಳದ ಮೂಲೆಯಲ್ಲಿ,
ತನ್ನ ಕೋಣೆಯ ಹಿಂದಿನ ಎರಡು ಮರಕ್ಕೆ ಕಟ್ಟಿದ.
ಉಪ್ಪಿಗಾಗಿ ಅಲ್ಲ, ಕಡಲಿಗಾಗಿ ಅಲ್ಲ;
ನೀರು ಆ ಕೊನೆ ಮುಟ್ಟುವಾಗ ರಾತ್ರಿ ಎರಡಾಗುತ್ತಿತ್ತು,
ಎದ್ದು ಹೋಗಿ ಬದು ಒಡೆಯಬೇಕಿತ್ತು.
ನನ್ನ ಕರಪತ್ರದ ಹನ್ನೆರಡು ಲಾಭಗಳಲ್ಲಿ
ನಿದ್ದೆ ಇರಲಿಲ್ಲ.

ಬೇಸಗೆಯಲ್ಲಿ ಆ ಎರಡರ ಗರಿ ಸುಡಲಿಲ್ಲ.
ಬುಡದ ತಂಪಿಗೆ ಅವನ ಸೋರೆಬಳ್ಳಿ ಬೇರೆ
ಮರ ಹತ್ತಿ, ಖರ್ಜೂರದ ಗೊನೆಯ ಪಕ್ಕ
ಒಂದು ಸೋರೆ ಇಳಿಬಿಟ್ಟಿತ್ತು, ನಗೆಪಾಟಲು.
ಖಲ್ಫಾನ್ ಬೈಯಲೆಂದೇ ಅಲ್ಲಿಗೆ ಹೋದನಂತೆ;
ಬೈದನಂತೆ;
ಆಮೇಲೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು
ಪೈಪಿನ ಬಾಯಿಯನ್ನೇ ನೋಡಿದನಂತೆ.

ನಿನ್ನೆ ಹೋದೆ.
ಖರ್ಜೂರವಿಲ್ಲ, ಕಾಫಿಯಿಲ್ಲ, ಮೇಕೆಗಳ ಮಾತೇ ಇಲ್ಲ.
ಕೈ ಹಿಡಿದು ಸೀದಾ ತೋಟದೊಳಕ್ಕೆ ಎಳೆದ.
ನಲವತ್ತು ಮರಕ್ಕೆ ಪೈಪು.
"ಕೇಳು ಮಗನೇ, ಪುಸ್ತಕದವರಿಗೆ ಇದೆಲ್ಲ ತಿಳಿಯಲ್ಲ.
ನೀರು ಹೆಚ್ಚು ಎತ್ತಿದರೆ
ಕಡಲು ಒಳಗೆ ಬರುತ್ತೆ."
ಹುಬ್ಬೇರಿಸಿದೆ. "ಹೌದಾ?" ಅಂದೆ.
ಗುದ್ದಲಿಯ ಕಾವಿಗೆ ಗಲ್ಲ ಊರಿ ನಿಂತ ಮೊತಾಲೇಬ್
ನೆಲದಲ್ಲಿ ಏನನ್ನೋ ಹುಡುಕುತ್ತಿದ್ದ.
ಆ ಮೊದಲ ಎರಡು ಬಬ್ಲರು ಎಲ್ಲಿಂದ ಬಂದವೆಂದು
ಖಲ್ಫಾನ್ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾಫಿ ಕೊನೆಗೆ ಬಂತು.
ಸಾಕು ಅನ್ನಲು ಇಲ್ಲಿ ಬಟ್ಟಲು ಅಲುಗಿಸಬೇಕು.
ಮೂರಾಯಿತು, ನಾಲ್ಕಾಯಿತು,
ಹೊಟ್ಟೆಯಲ್ಲಿ ಏಲಕ್ಕಿ ಕುಣಿಯುತ್ತಿತ್ತು.
ಅಲುಗಿಸದೆ ಹಾಗೇ ಹಿಡಿದುಕೊಂಡೆ;
ಬುಡಕ್ಕೆ ಎಷ್ಟು ಹೊತ್ತು ನೀರು ಬಿಡಬೇಕು ಅನ್ನುವುದನ್ನು
ಅವನು ಇನ್ನೂ ಹೇಳಿಕೊಡುವುದಿತ್ತು.